ಕಕ್ಕುವ ಕೂಸು, ಇರುವೆ ಮತ್ತು ನನ್ನ ತಕ್ಕಡಿ

ಆದೋನಿ ಸುತ್ತಮುತ್ತಲ ಹಳ್ಳಿಗಳಲ್ಲಿ ನನ್ನ ಎಡ ಭುಜದ ಮೇಲೆ ಹಾಲು ಕಕ್ಕದ ಕೂಸು ಬಹಳ ಕಡಿಮೆ. ಹಳ್ಳಿ ನರ್ಸಮ್ಮನಾಗಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದೆ. ಎಷ್ಟು ಒಗೆದರೂ ಸೀರೆಯ ಎಡ ಭುಜದಿಂದ ಆ ಹುಳಿ ವಾಸನೆ ಹೋಗುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ನಮ್ಮ ಯಜಮಾನರು ಬಾಗಿಲಲ್ಲೇ ಮೂಗು ಹಿಡಿದುಕೊಂಡು, "ಬಂದಳಪಾ ಮೊಸರವ್ವ!" ಎಂದು ರೇಗಿಸುವರು. ನಾನೂ ಬೇಕೆಂದೇ ಅದೇ ಭುಜವನ್ನು ಅವರ ಮೂಗಿನ ಹತ್ತಿರ ಒಯ್ಯುತ್ತಿದ್ದೆ.

ಈಗ ನಿವೃತ್ತಿಯಾಗಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಮನೆಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. "ಅಕ್ಕಾ, ಕೂಸು ಕುಡಿದಿದ್ದೆಲ್ಲಾ ಕಕ್ಕತೈತಿ, ಮೈ ಸೆಟೆಸಿ ಅಳತೈತಿ. ಅದರ ಅವ್ವ ನಮ್ಮ ಮ್ಯಾಲ ಬೀಳ್ತಾಳ. ಏನು ಹೇಳೋಣು?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದರಿಂದ ಯಾವ ಕೂಸಿಗೂ ಉಪಯೋಗವಿಲ್ಲ, ಬಿಟ್ಟುಬಿಡೋಣ. ನಮ್ಮದು ಗಡಿನಾಡು, ನೌಕರಿಯುದ್ದಕ್ಕೂ ರಿಪೋರ್ಟು ಬರೆದದ್ದು ತೆಲುಗಿನಲ್ಲಿ. ಬೈದದ್ದು, ಬೈಸಿಕೊಂಡದ್ದು, ಕೂಸುಗಳನ್ನು ಆಡಿಸಿದ್ದು ಕನ್ನಡದಲ್ಲಿ. ಹಾಗಾಗಿ ಇದು ಕನ್ನಡದಲ್ಲೇ ಇರಲಿ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ.

ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಆಸ್ಪರಿ ಕಡೆಯ ಒಂದು ಹಳ್ಳಿಯಲ್ಲಿ ತಿಂಗಳ ಗಂಡು ಕೂಸು. ಕುಡಿದ ಹಾಲನ್ನೆಲ್ಲ ಕಕ್ಕುತ್ತಿತ್ತು. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು: ಹಾಲು ಕಕ್ಕುವುದು ಎಳೆಗೂಸುಗಳ ಸಹಜ ಗುಣ, ಹೊಟ್ಟೆಯ ಬಾಯಿ ಇನ್ನೂ ಸಡಿಲ ಇರುತ್ತದೆ, ವರ್ಷ ತುಂಬುವ ಹೊತ್ತಿಗೆ ತಾನೇ ನಿಲ್ಲುತ್ತದೆ. ನಾನು ಅದನ್ನೇ ಗಿಣಿಯ ಹಾಗೆ ಒಪ್ಪಿಸಿದೆ. "ಭುಜದ ಮ್ಯಾಲ ಹಾಕ್ಕೊಂಡು ಬೆನ್ನು ತಟ್ಟವ್ವ, ತೇಗು ಬಂದ್ರ ಸರಿಹೋಗತೈತಿ" ಎಂದು ಹೇಳಿ ಬಂದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ಆ ತಾಯಿ ಪಾಪ, "ಅಕ್ಕಾ, ಇದು ಜಾರಿ ಬರಂಗಿಲ್ಲ, ಚಿಮ್ಮಿ ಆ ಗ್ವಾಡಿಗೆ ಬೀಳತೈತಿ" ಎಂದು ಗೋಡೆ ತೋರಿಸಿದಳು. ನಾನು ನಕ್ಕುಬಿಟ್ಟೆ.

ನಮ್ಮ ಮೇಲ್ವಿಚಾರಕಿ ಮೇರಿಯಮ್ಮ ಮೇಡಂ ಮಾರನೆಯ ದಿನ ತಪಾಸಣೆಗೆ ಬಂದರು. ದಪ್ಪ ಕನ್ನಡಕ, ಗಟ್ಟಿ ಗಂಟಲು. ಅವರು ಗೋಡೆ ನೋಡಲಿಲ್ಲ, ನನ್ನ ರಿಜಿಸ್ಟರೂ ನೋಡಲಿಲ್ಲ. ಕೂಸಿನ ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದರು. ಅದು ಮುದುಕರ ಕೈಯ ಚರ್ಮದ ಹಾಗೆ ಮಡಿಕೆಯಾಗಿ ನಿಂತಿತು.

"ಎಷ್ಟು ಸಲ ಉಚ್ಚಿ ಹೊಯ್ದಾನ?" ಎಂದು ತಾಯಿಯನ್ನು ಕೇಳಿದರು.

"ನಿನ್ನಿಯಿಂದ ಒಂದು ಸಲ ರೀ."

ಮೇಡಂ ನನ್ನ ಕಡೆ ತಿರುಗಿದರು. "ಏಮ್ಮಾ, ಹೊರಗ ಬಂದಿದ್ದನ್ನ ನೋಡಿ ನಕ್ಕೀಯಂತ. ಒಳಗ ಏನು ಉಳಿದೈತಿ ಅಂತ ನೋಡಿದ್ಯಾ? ತೂಕ ಹಾಕಿದ್ಯಾ?" ತಾಯಿಯ ಎದುರಿಗೇ ಬೈದರು. ಅವರ ಜೀಪಿನಲ್ಲೇ ಕೂಸನ್ನು ಕರ್ನೂಲಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಹೊಟ್ಟೆಯಿಂದ ಕರುಳಿಗೆ ಹೋಗುವ ದಾರಿಯೇ ಬಿಗಿದುಕೊಂಡಿತ್ತಂತೆ. ಸಣ್ಣ ಆಪರೇಷನ್ ಮಾಡಿದರು, ಕೂಸು ಉಳಿಯಿತು. ಈಗ ಅವನು ಆದೋನಿಯಲ್ಲಿ ಆಟೋ ಓಡಿಸುತ್ತಾನೆ. ನನ್ನನ್ನು ಕಂಡರೆ ಸಾಕು, ಬಜಾರೆಲ್ಲ ತಿರುಗಿ ನೋಡುವ ಹಾಗೆ ಹಾರ್ನ್ ಬಾರಿಸುತ್ತಾನೆ. ಆ ಹಾರ್ನ್ ಕೇಳಿದಾಗಲೆಲ್ಲ ಖುಷಿಯೂ ಆಗುತ್ತದೆ, ನಾಚಿಕೆಯೂ ಆಗುತ್ತದೆ.

ಅಂದಿನಿಂದ ತೂಕದ ತಕ್ಕಡಿ ಇಲ್ಲದೆ ನಾನು ಯಾವ ಬಾಣಂತಿಯ ಹೊಸಿಲನ್ನೂ ದಾಟಲಿಲ್ಲ. ಮೇಲೆ ಕೊಕ್ಕೆ, ಕೆಳಗೆ ಜೋಳಿಗೆ, ನಡುವೆ ಮುಳ್ಳು ತಿರುಗುವ ಸ್ಪ್ರಿಂಗ್ ತಕ್ಕಡಿ ಅದು. ಕೂಸನ್ನು ಜೋಳಿಗೆಯಲ್ಲಿ ಹಾಕಿ ತೂಗಿದರೆ ಮುಳ್ಳು ನಿಜ ಹೇಳುತ್ತದೆ ಎಂದು ನಂಬಿದ್ದೆ. ಈ ನಂಬಿಕೆಯ ಗತಿ ಏನಾಯಿತೆಂದು ಮುಂದೆ ನೋಡುವಿರಂತೆ.

ನಡುವೆ ಇಟ್ಟಿಗೆಯ ಕಾಲ ಒಂದು ಬಂತು. ಒಬ್ಬ ಡಾಕ್ಟರು, ಹೆಸರು ಬೇಡ, ಕಕ್ಕುವ ಕೂಸಿನ ಮಂಚದ ತಲೆಭಾಗಕ್ಕೆ ಎರಡು ಇಟ್ಟಿಗೆ ಇಡಿಸಿ ಎಂದರು. ನಾನು ಊರೆಲ್ಲ ಇಟ್ಟಿಗೆ ಇಡಿಸಿದೆ. ಒಂದು ಮನೆಯಲ್ಲಿ ಕೂಸು ನಿದ್ದೆಯಲ್ಲೇ ಜಾರಿ ಜಾರಿ ಕಾಲ ಕಡೆಗೆ ಬಂದು ಕೌದಿಯೊಳಗೆ ಹೊಕ್ಕಿತ್ತು. ಅದರ ಅವ್ವ ಎದ್ದು ನೋಡಿದಳು ಅಂತ ಸರಿಹೋಯಿತು. ಆಮೇಲಿನ ತರಬೇತಿಯಲ್ಲಿ ಹೇಳಿದರು, ಇಟ್ಟಿಗೆಯೂ ಬೇಡ, ದಿಂಬೂ ಬೇಡ, ಸಮನಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, ಎತ್ತಿ ಹಿಡಿಯುವುದಿದ್ದರೆ ಹಾಲು ಕುಡಿದ ಮೇಲೆ ಅರ್ಧ ಗಂಟೆ ನೀವೇ ಎತ್ತಿ ಹಿಡಿಯಿರಿ ಎಂದು. ಆ ಇಟ್ಟಿಗೆಗಳನ್ನು ನಾನೇ ಮನೆಮನೆಗೆ ಹೋಗಿ ತೆಗೆಸಿದೆ. "ನೀನೇ ಇಡಸ್ತಿ, ನೀನೇ ತಗಸ್ತಿ, ನಮಗ ಒಲಿಗೆ ಆತು ಬಿಡು" ಎಂದು ಒಬ್ಬ ಮುದುಕಿ ನಕ್ಕಿದ್ದಳು.

ಇನ್ನು ಪೆದ್ದಹರಿವಾಣಂನ ಹುಲಿಗೆಮ್ಮನ ವಿಷಯ.

ಹುಲಿಗೆಮ್ಮನಿಗೆ ಆಗ ಇಪ್ಪತ್ತೊಂದು ವರ್ಷ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು, ಇಪ್ಪತ್ತು ದಿನದ್ದು. ಅವಳ ಅವ್ವ ಹತ್ತಿ ಬಿಡಿಸಲು ಹೋಗುತ್ತಿದ್ದರಿಂದ ಮನೆಯ ಕಾರುಬಾರೆಲ್ಲ ಅಜ್ಜಿ ತಿಮ್ಮಕ್ಕನದು. ಆ ಊರಿನ ಅರ್ಧ ಜನರಿಗೆ ಹುಟ್ಟಿದಾಗ ಎಣ್ಣೆ ಹಚ್ಚಿ ಎರೆದವಳು ಅವಳೇ. ಸರಪಂಚನನ್ನೂ ಏಕವಚನದಲ್ಲಿ ಕರೆಯುವಳು, ಬರಿಮೈಯಲ್ಲಿ ಕಂಡವಳಿಗೆ ಯಾರು ಎದುರಾಡುತ್ತಾರೆ?

ಒಂದು ಬೆಳಿಗ್ಗೆ ನಾನು ಒಳಗೆ ಕಾಲಿಡುತ್ತಲೇ ಮಲ್ಲಿಗೆಯ ಘಮ ಹೊಡೆಯಿತು.

"ಏನಬೇ ತಿಮ್ಮಕ್ಕಾ, ಯಾರ ಮದುವಿ?" ಎಂದೆ.

"ಮದುವಿ ಎಲ್ಲಿಂದ ಬಂತಬೇ! ಇಕಿ ಹಾಲು ಇಂಗಸಾಕತ್ತೀನಿ" ಎಂದಳು ಅಜ್ಜಿ.

ಹುಲಿಗೆಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದಳು. ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಅದರೊಳಗೆ ಮಲ್ಲಿಗೆ ಹೂವು ಇಟ್ಟಿದ್ದರು. ಎಳೆಗೂಸು ತೀರಿಕೊಂಡ ತಾಯಿಗೆ ಹಾಲು ಇಂಗಿಹೋಗಲೆಂದು ನಮ್ಮ ಕಡೆ ಹೀಗೆ ಕಟ್ಟುವುದುಂಟು. ಇಲ್ಲಿ ಕೂಸು ಕೌದಿಯ ಮೇಲೆ ಕೆಂಪಗಾಗಿ ಕಿರುಚುತ್ತಿತ್ತು, ಪಕ್ಕದಲ್ಲಿ ಸಕ್ಕರೆ ನೀರಿನ ಬಟ್ಟಲಿತ್ತು.

"ಯಾಕ? ಏನಾತು?"

ತಿಮ್ಮಕ್ಕ ಇನ್ನೊಂದು ಸಣ್ಣ ಹಿತ್ತಾಳೆ ಬಟ್ಟಲು ತಂದು ತೋರಿಸಿದಳು. ತಳದಲ್ಲಿ ನಾಲ್ಕು ಹನಿ ತಾಯಿಹಾಲು, ಅದರಲ್ಲಿ ಒಂದು ಸತ್ತ ಇರುವೆ. "ನೋಡು, ನೀನೇ ನೋಡು. ಕೂಸು ಕುಡಿದಿದ್ದೆಲ್ಲಾ ಕಕ್ಕತೈತಿ. ನನಗ ಅನುಮಾನ ಬಂದು ಇರುವಿ ಬಿಟ್ಟೆ. ಸತ್ತು ಬಿತ್ತು. ಇಕಿ ಹಾಲು ವಿಷ ಆಗೈತಿ. ಇಕಿ ಅತ್ತಿ ಈರಮ್ಮಗ ಫೋನ್ ಮಾಡಿಸೀನಿ. ತೊಟ್ಟಿಲಾಗ ಹಾಕೋ ದಿನ ಬರ್ತಾಳ, ಬರೋವಾಗ ಡಬ್ಬಿ ಹಾಲು, ಬಾಟ್ಲಿ ತರ್ತಾಳಂತ."

ಹುಲಿಗೆಮ್ಮ ತಿರುಗಿದಳು. ಕಣ್ಣು ಊದಿಕೊಂಡಿದ್ದವು. "ಅಕ್ಕಾ, ನಾನು ಎಲ್ಲಾ ಪಥ್ಯಾ ಮಾಡೀನಿ. ನನ್ನ ಮೈಯಾಗ ವಿಷ ಹೆಂಗ ಬಂತಕ್ಕಾ? ಒಂದು ಸಲ ಕುಡಸ್ತೀನಿ ಅಂದ್ರೂ ಕೊಡವಲ್ಲರು."

ಅವಳ ದನಿ ಕೇಳಿ ನನಗೆ ಅಳುವೇ ಬಂತು. ಅಳುತ್ತ ಕೂತರೆ ಕೆಲಸ ಕೆಡುತ್ತದೆ ಎಂದುಕೊಂಡು ಮೂರು ಬಟ್ಟಲು ಕೇಳಿದೆ. ಒಂದರಲ್ಲಿ ಅವರ ಮನೆಯ ಎಮ್ಮೆ ಹಾಲು, ಒಂದರಲ್ಲಿ ಕುಡಿಯುವ ನೀರು, ಒಂದರಲ್ಲಿ ತಿಮ್ಮಕ್ಕ ಕುಡಿದು ಉಳಿಸಿದ ಚಹಾ ಹಾಕಿದೆ. "ಈಗ ನೀನೇ ಇರುವಿ ಹಿಡಕೊಂಡು ಬಾ" ಎಂದೆ. ಅಜ್ಜಿ ಗೊಣಗುತ್ತ ಹಿತ್ತಲಿನಿಂದ ಮೂರು ಇರುವೆ ತಂದು ಒಂದೊಂದರಲ್ಲಿ ಒಂದೊಂದು ಬಿಟ್ಟಳು. ಮೂವರೂ ಕುಕ್ಕರಗಾಲಲ್ಲಿ ಕೂತು ನೋಡಿದೆವು. ಮೊದಲು ಚಹಾದ್ದು ಹೋಯಿತು, ಆಮೇಲೆ ಎಮ್ಮೆ ಹಾಲಿನದು, ಕೊನೆಗೆ ನೀರಿನದು.

"ಏನಬೇ, ನಿಮ್ಮ ಎಮ್ಮಿ ಹಾಲೂ ವಿಷ, ನೀರೂ ವಿಷ, ನಿನ್ನ ಚಾ ಅಂತೂ ಮೊದಲ ವಿಷ. ಇಷ್ಟು ವರ್ಷ ಹೆಂಗ ಬದುಕೀದಿ?"

ತಿಮ್ಮಕ್ಕ ಮೂರೂ ಬಟ್ಟಲುಗಳನ್ನು ಬಾಗಿಸಿ ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಹಂಗಾದ್ರ ಇರುವಿಗೆ ಈಜು ಬರಂಗಿಲ್ಲ ಅನ್ನು!"

ಅಷ್ಟಕ್ಕೇ ಸೋಲುವ ಮುದುಕಿಯಲ್ಲ ಅವಳು. ನಗು ನಿಂತ ಮೇಲೆ ಕೇಳಿದಳು, "ಇರುವಿ ಮಾತು ಹೋಗಲಿ. ಕೂಸು ಯಾಕ ಕಕ್ಕತೈತಿ, ಅದನ್ನ ಹೇಳು."

ಕೂಸಿನ ಹೊಟ್ಟೆ ಮುಟ್ಟಿದೆ, ಮೆತ್ತಗಿತ್ತು. ಜ್ವರ ಇರಲಿಲ್ಲ. ಕಕ್ಕಿದ್ದರಲ್ಲಿ ಹಸಿರು ಬಣ್ಣವಾಗಲಿ ರಕ್ತವಾಗಲಿ ಬಂದಿದೆಯೇ, ಚಿಮ್ಮಿ ದೂರ ಬೀಳುತ್ತದೆಯೇ ಎಂದು ಕೇಳಿದೆ. ಏನೂ ಇಲ್ಲ, ಬಾಯಿ ಪಕ್ಕದಿಂದ ಸುರಿಯುತ್ತದೆ ಅಷ್ಟೆ. ತೂಗಿದೆ, ಮೂರು ಕಿಲೋ ನೂರು ಗ್ರಾಂ. "ನೀವು ದಿನಾ ಏನು ಮಾಡ್ತೀರೋ ಅದನ್ನ ನನ್ನ ಮುಂದ ಮಾಡ್ರಿ" ಎಂದು ಗೋಡೆಗೊರಗಿ ಕೂತೆ. ಬಟ್ಟೆ ಬಿಚ್ಚಿಸಿದೆ, ಹುಲಿಗೆಮ್ಮ ಕೂಸಿಗೆ ಹಾಲು ಕೊಟ್ಟಳು. ಅವಳ ಮುಖದಲ್ಲಿ ಬಂದ ಕಳೆ ನೋಡಬೇಕಿತ್ತು.

ಕೂಸು ಹೊಟ್ಟೆ ತುಂಬ ಕುಡಿಯಿತು. ಕೂಡಲೇ ತಿಮ್ಮಕ್ಕ ಅದನ್ನು ಎತ್ತಿಕೊಂಡು ಎರೆಯಲು ನಡೆದಳು. ಹಸಿದ ಕೂಸಿಗೆ ಎರೆದರೆ ಸಂಕಟವಾಗುತ್ತದೆ, ಆದ್ದರಿಂದ ಮೊದಲು ಕುಡಿಸಬೇಕು ಎಂಬುದು ಅವಳ ಪದ್ಧತಿ. ಕಾಲು ಚಾಚಿ ಮಣೆ ಮೇಲೆ ಕೂತಳು. ಕೂಸನ್ನು ಮೊಣಕಾಲಿನ ಮೇಲೆ ಬೋರಲು ಹಾಕಿ ಎಣ್ಣೆ ತಿಕ್ಕಿದಳು. ಹೊಟ್ಟೆ ನೀವಿದಳು. ಬಿಸಿನೀರು ಎರೆದಳು. ಕೊನೆಗೆ ಎರಡೂ ಪಾದ ಹಿಡಿದು ಕೂಸನ್ನು ತಲೆಕೆಳಗು ಮಾಡಿ ಮೂರು ಸಲ ಜಗ್ಗಿದಳು. ಕುಡಿದ ಹಾಲಷ್ಟೂ ಅವಳ ಪಾದದ ಮೇಲೆ ಬಂತು.

"ನೋಡಿದ್ಯಾ? ಹಿಂಗ ಕಕ್ಕತೈತಿ!" ಎಂದಳು ತಿಮ್ಮಕ್ಕ, ನನ್ನನ್ನೇ ಗೆದ್ದವಳ ಹಾಗೆ.

"ನೋಡಿದೆ ತಾಯಿ. ನಿನಗ ಹೊಟ್ಟಿ ತುಂಬ ಉಣ್ಣಿಸಿ, ಕಾಲು ಹಿಡಿದು ಬಾವಿಗೆ ತಲಿಕೆಳಗ ಇಳಿಬಿಟ್ರ ನೀನು ಏನು ಮಾಡ್ತಿ?"

ನಾನು ಎರೆಯುವುದನ್ನು ಬಿಡಿಸಲಿಲ್ಲ. ಆ ಬಿಸಿನೀರು, ಆ ಕೈ ಕೂಸಿಗೂ ಬೇಕು, ಅಜ್ಜಿಗೂ ಬೇಕು. ನಾಲ್ಕೇ ಮಾತು ಕೇಳಿಕೊಂಡೆ: ಎರೆದ ಮೇಲೆ ಹಾಲು ಕುಡಿಸಬೇಕು, ತಲೆಕೆಳಗು ಮಾಡಬಾರದು. ಕುಡಿಸಿದ ಮೇಲೆ ಅರ್ಧ ಗಂಟೆ ತಿಮ್ಮಕ್ಕನೇ ಭುಜಕ್ಕೆ ಹಾಕಿಕೊಂಡು ಓಡಾಡಬೇಕು. ಒದ್ದೆಯಾದ ಬಟ್ಟೆ ಎಷ್ಟೆಂದು ತಿಳಿಯಲು, ಬದಲಿಸಿದಾಗಲೆಲ್ಲ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯಬೇಕು. "ದಿನಕ್ಕ ಆರು ಗೆರಿ ಬಂದ್ರ ಕೂಸು ಬರಾಬರ್ ಐತಿ ಅಂತ. ಎಂಟು ದಿನ ನನಗ ಕೊಡು. ತೊಟ್ಟಿಲ ದಿನ ಎಲ್ಲರ ಮುಂದ ತೂಗ್ತೀನಿ. ಏರಲಿಲ್ಲಂದ್ರ ನಾನೇ ಆಸ್ಪತ್ರಿಗೆ ಕರ್ಕೊಂಡು ಹೋಗ್ತೀನಿ. ಡಾಕ್ಟರು ಏನು ಹೇಳ್ತಾರೋ ಅದು."

ಹೋಗುವ ಮುಂಚೆ ಬಿಚ್ಚಿಟ್ಟ ಮಲ್ಲಿಗೆಯನ್ನು ಹುಲಿಗೆಮ್ಮನ ತುರುಬಿಗೆ ಸಿಕ್ಕಿಸಿದೆ.

"ಹಸಿ ಬಾಣಂತಿ ಹೂವು ಮುಡಿಬಾರದಬೇ!" ಎಂದು ತಿಮ್ಮಕ್ಕ ಕೂಗಿದಳು.

"ಎದಿಗೆ ಕಟ್ಟಬಹುದು, ತಲಿಗೆ ಮುಡಿಬಾರದಾ?" ಎಂದೆ. ಹುಲಿಗೆಮ್ಮ ಆವತ್ತು ಮೊದಲ ಸಲ ನಕ್ಕಳು.

ಮಾತನಾಡಿ ಬಂದದ್ದು ಸುಲಭ. ನನ್ನೊಳಗೆ ಅಷ್ಟು ಧೈರ್ಯ ಇರಲಿಲ್ಲ. ದಿನ ಬಿಟ್ಟು ದಿನ ಹೋದೆ, ದಿನದಿನದ ತೂಕ ನೋಡಿ ಅವರು ಗಾಬರಿಯಾಗಬಾರದೆಂದು ತಕ್ಕಡಿ ಮಾತ್ರ ಹೊರಗೆ ತೆಗೆಯಲಿಲ್ಲ. ಕಟ್ಟಿದ್ದರಿಂದ ಹಾಲು ತಗ್ಗಿತ್ತು, ಮತ್ತೆ ಮತ್ತೆ ಕುಡಿಸಿ ಕುಡಿಸಿ ಎರಡು ದಿನಕ್ಕೆ ಸರಿಯಾಯಿತು. ಮೂರನೆಯ ದಿನ ಕೂಸು ನನ್ನ ಭುಜದ ಮೇಲೇ ಪೂರಾ ಕಕ್ಕಿ, ಅರ್ಧ ತಾಸು ಅತ್ತಿತು. "ಸುಳ್ಳು ಧೈರ್ಯ ಹೇಳಾಕತ್ತೀಯೇನಕ್ಕಾ?" ಎಂದು ಹುಲಿಗೆಮ್ಮ ಕೇಳಿದಳು. ಆಸ್ಪರಿಯ ಕೂಸಿನ ತೊಡೆ ಕಣ್ಣಿಗೆ ಕಟ್ಟಿತು. ಅವಳಿಗೆ ಹೇಳದೆ ಆಸ್ಪತ್ರೆಯ ಚೀಟಿಯನ್ನು ಬರೆದು ಚೀಲದಲ್ಲಿಟ್ಟುಕೊಂಡೆ, ಗೆರೆ ಕಡಿಮೆಯಾದರೆ ಅದೇ ದಿನ ಹೊರಡಬೇಕೆಂದು. ಗೋಡೆಯ ಗೆರೆಗಳು ಮಾತ್ರ ಆರಕ್ಕಿಂತ ಕೆಳಗೆ ಇಳಿಯಲಿಲ್ಲ. ಒಂದು ದಿನ ಒಂಬತ್ತು ಬಂದವು. ತಿಮ್ಮಕ್ಕ ಅಕ್ಷರ ಕಲಿತವಳಲ್ಲ, ಆದರೂ ಆ ಗೆರೆಗಳನ್ನು ಬಂದವರಿಗೆಲ್ಲ ತೋರಿಸಿ ಓದಿ ಹೇಳುತ್ತಿದ್ದಳು.

ತೊಟ್ಟಿಲ ದಿನ ಬಂತು. ಅತ್ತೆ ಈರಮ್ಮ ಬಂದಳು. ಎತ್ತರದ ಆಳು, ದೊಡ್ಡ ಕುಂಕುಮ. ಆದೋನಿ ಮಾರ್ಕೆಟ್ಟಿನಲ್ಲಿ ಶೇಂಗಾ ಚೀಲ ತುಂಬಿ ತೂಗುವ ಕೆಲಸದಲ್ಲಿ ಪಳಗಿದವಳು. ಕೈಚೀಲದಿಂದ ಡಬ್ಬಿ ಹಾಲು, ಬಾಟಲಿ ತೆಗೆದು ಹೊಸಿಲ ಪಕ್ಕ ಇಟ್ಟಳು. "ಏಮ್ಮಾ ನರ್ಸಮ್ಮ, ಪಾಪಕ್ಕ ತಾಯಿ ಹಾಲು ಪಡಲೇದಂತ, ಒಗ್ಗಲಿಲ್ಲಂತ. ಮತ್ತ್ಯಾಕ ಹಟ ಮಾಡ್ತೀರಿ?"

"ತೂಗಿ ಮಾತಾಡೋಣ ಅಮ್ಮಾ" ಎಂದೆ.

ನೆಂಟರೆಲ್ಲ ಸುತ್ತ ನಿಂತರು. ತೊಲೆಗೆ ತಕ್ಕಡಿ ಕಟ್ಟಿದೆ, ಜೋಳಿಗೆಯಲ್ಲಿ ಕೂಸನ್ನು ಇಟ್ಟೆ. ಮುಳ್ಳು ಸರಿಯಿತು, ನಿಂತಿತು. ಮೂರು ಕಿಲೋ ನೂರು ಗ್ರಾಂ. ಎಂಟು ದಿನದ ಹಿಂದೆ ಎಲ್ಲಿತ್ತೋ ಅಲ್ಲೇ.

ಹುಲಿಗೆಮ್ಮ ನನ್ನ ಮುಖ ನೋಡಿದಳು, ಹೇಳದೆಯೇ ಅವಳಿಗೆ ತಿಳಿಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಡಿದ ಮಾತು ಆಡಿಯಾಗಿತ್ತು, ನಾನು ಚೀಲದ ಚೀಟಿಗೆ ಕೈ ಹಾಕಿದೆ.

ಈರಮ್ಮ ಡಬ್ಬಿ ತೆಗೆದುಕೊಳ್ಳಲಿಲ್ಲ. ಕೂಸನ್ನು ಎತ್ತಿ ಕೈಯಲ್ಲೇ ಒಂದೆರಡು ಸಲ ತೂಗಿ ನೋಡಿದಳು. ಹುಬ್ಬು ಗಂಟಿಕ್ಕಿದಳು. "ಆಗಮ್ಮಾ, ನಿಲ್ಲು. ಈ ತಕ್ಕಡಿನ ಯಾವಾಗರ ಪರೀಕ್ಷಿ ಮಾಡೀಯೇನು?"

"ಸರ್ಕಾರಿ ತಕ್ಕಡಿ ಅಮ್ಮಾ."

"ಸರ್ಕಾರಿದಾದ್ರ ಮುಳ್ಳಿಗೆ ಜಂಗು ಹಿಡಿಯಂಗಿಲ್ಲೇನು?" ಎಂದು ಅಡುಗೆ ಮನೆಗೆ ಹೋಗಿ ಒಡೆಯದ ಒಂದು ಕಿಲೋ ಉಪ್ಪಿನ ಪಾಕೀಟು ತಂದಳು. ಜೋಳಿಗೆಯಲ್ಲಿ ಇಟ್ಟಳು. ಮುಳ್ಳು ಮುಕ್ಕಾಲು ಕಿಲೋಗೇ ನಿಂತುಬಿಟ್ಟಿತು.

ತಿಮ್ಮಕ್ಕ ಎರಡೂ ಕೈ ತಟ್ಟಿ ಕೂಗಿದಳು, "ನನ್ನ ಇರುವಿಗೆ ನಕ್ಕೆಲ್ಲಬೇ ನರ್ಸಮ್ಮ! ಈಗ ನಿನ್ನ ತಕ್ಕಡಿ ಏನಾತು?" ಇಡೀ ಅಂಗಳ ನಕ್ಕಿತು. ಎರಡು ದಿನದ ಹಿಂದೆ ಆಟೋದಿಂದ ನನ್ನ ಚೀಲ ಕಲ್ಲಿನ ಮೇಲೆ ಬಿದ್ದದ್ದು ಆಗ ನೆನಪಾಯಿತು. ಬಿದ್ದದ್ದನ್ನು ಎತ್ತಿ, ದೂಳು ಒರೆಸಿ ಸುಮ್ಮನಾಗಿದ್ದೆ.

ಎಲ್ಲರೂ ಮೆರವಣಿಗೆಯ ಹಾಗೆ ಮೂಲೆಯ ಕಿರಾಣಿ ಅಂಗಡಿಗೆ ನಡೆದೆವು. ಅಲ್ಲಿ ಅಂಕಿ ಹೊಳೆಯುವ ಹೊಸ ತಕ್ಕಡಿ ಇತ್ತು. ಈರಮ್ಮ ಅದನ್ನೂ ಮೊದಲು ಉಪ್ಪಿನ ಪಾಕೀಟಿನಿಂದ ಪರೀಕ್ಷೆ ಮಾಡಿದಳು, ಸರಿಯಾಗಿ ಒಂದು ಕಿಲೋ. ಮೇಲೆ ಬಟ್ಟೆ ಹಾಸಿ, ಅಂಕಿಯನ್ನು ಸೊನ್ನೆಗೆ ತರಿಸಿ, ಕೂಸನ್ನು ಮಲಗಿಸಿದಳು. ಮೂರು ಕಿಲೋ ಮುನ್ನೂರೈವತ್ತು! ಕೂಸು ಅಲ್ಲೇ ಉಚ್ಚೆ ಹೊಯ್ದು ಗೋಡೆಗೆ ಇನ್ನೊಂದು ಗೆರೆ ಗಳಿಸಿಕೊಂಡಿತು.

"ಇನ್ನೂರೈವತ್ತು ಏರೈತಿ" ಎಂದಳು ಈರಮ್ಮ. ಸೊಸೆಯ ಸೆರಗು ಸರಿಸಿ ಕಣ್ಣೊರೆಸಿದಳು. "ಅಳಬ್ಯಾಡ. ತೂಕದಾಗ ಯಾರಿಗೂ ಮೋಸ ಆಗಬಾರದು. ನೀನು ನನ್ನ ಸೊಸಿ ಆದ್ರೂ ಅಷ್ಟೇ." ಆ ಮಾತಿಗೆ ನನಗೆ ಆವತ್ತು ಎಷ್ಟು ಸಂತೋಷವಾಯಿತೆಂದರೆ, ಬೀದಿಯಲ್ಲೇ ಅವಳನ್ನು ತಬ್ಬಿಕೊಂಡೆ.

ಡಬ್ಬಿ ಹಾಲು ಬಂದ ಹಾಗೇ ಆದೋನಿಗೆ ವಾಪಸ್ ಹೋಯಿತು. ಕೂಸಿಗೆ ಗೌರಿ ಎಂದು ಹೆಸರಿಟ್ಟರು. ಹೆಸರಿಟ್ಟ ಕೂಡಲೇ ಅದು ಈರಮ್ಮನ ರೇಷ್ಮೆ ಸೀರೆಯ ಮೇಲೆ ಕಕ್ಕಿತು. ಮುಂದೆಯೂ ಕೆಲವು ತಿಂಗಳು ಕಕ್ಕುತ್ತಲೇ ಇತ್ತು, ಕಕ್ಕುತ್ತಲೇ ದುಂಡಗಾಯಿತು. ನಡೆಯಲು ಕಲಿಯುವ ಹೊತ್ತಿಗೆ ಎಲ್ಲವೂ ನಿಂತಿತು. ನಾನು ಅಂದಿನಿಂದ ಚೀಲದಲ್ಲಿ ಒಂದು ಕಿಲೋ ಉಪ್ಪು ಇಟ್ಟುಕೊಳ್ಳತೊಡಗಿದೆ. ಪ್ರತಿ ಮನೆಯಲ್ಲಿ ಮೊದಲು ಉಪ್ಪು ತೂಗಿ ಆಮೇಲೆ ಕೂಸು ತೂಗುತ್ತಿದ್ದೆ. ಜನ ಅದನ್ನೂ ದೃಷ್ಟಿ ತೆಗೆಯುವ ಶಾಸ್ತ್ರವೆಂದು ತಿಳಿದು ಕೈ ಮುಗಿದದ್ದುಂಟು.

ನನ್ನ ನೌಕರಿಯ ಕೊನೆಗಾಲಕ್ಕೆ ಫೋನಿನ ಕಾಲ ಬಂತು. ಮದ್ದಿಕೇರದ ಒಬ್ಬ ಟೀಚರಮ್ಮ ಕೂಸು ಕಕ್ಕಿದ್ದನ್ನೆಲ್ಲ ವಿಡಿಯೋ ಮಾಡಿ ಕಳಿಸುತ್ತಿದ್ದಳು. "ರಿಫ್ಲಕ್ಸ್ ಅಂತ, ಹೊಟ್ಟಿದು ಮ್ಯಾಲ ಬರೋ ರೋಗ ಅಂತ ಫೋನಿನಾಗ ಬಂದೈತಿ ಮೇಡಂ. ಲೋಟಗಟ್ಟಲೆ ಹೊರಗ ಹೋಗತೈತಿ" ಎಂದು ಅಳುವಳು. ಅವಳ ಮನೆಗೆ ಹೋಗಿ, ಉಪ್ಪು ತೂಗಿ, ಕೂಸು ತೂಗಿದೆ. ಚೆನ್ನಾಗಿ ಏರಿತ್ತು. ಆಮೇಲೆ ಒಣ ಟವೆಲಿನ ಮೇಲೆ ಎರಡು ಚಮಚ ಹಾಲು ಚೆಲ್ಲಿದೆ. ಅದು ಹರಡಿ ಅಂಗೈಗಿಂತ ದೊಡ್ಡದಾಯಿತು. "ಇದೇ ನಿಮ್ಮ ಲೋಟ" ಎಂದೆ. ಟೀಚರಮ್ಮ ನಕ್ಕಳು, ಅವಳ ಭುಜ ಇಳಿಯಿತು. ವಿಡಿಯೋ ಕೆಟ್ಟದ್ದೇನಲ್ಲ ಹುಡುಗಿಯರೇ, ಚಿಮ್ಮುತ್ತದೋ ಸುರಿಯುತ್ತದೋ, ಬಣ್ಣ ಯಾವುದು ಎಂದು ಅದರಲ್ಲಿ ಕಾಣುತ್ತದೆ. ಆಸ್ಪರಿಯ ತಾಯಿಯ ಹತ್ತಿರ ಆವತ್ತು ಫೋನ್ ಇದ್ದಿದ್ದರೆ ನಾನು ನಗುತ್ತಿರಲಿಲ್ಲ. ಆದರೆ ತಾಯಿ ಮಾತ್ರ ಹೇಳಬಲ್ಲ ಸಂಗತಿಗಳಿವೆ, ಅವಳ ಪಕ್ಕ ಕೂತು ಕೇಳಿ.

ಹೋದ ತಿಂಗಳು ಹುಲಿಗೆಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಗೌರಿ ಈಗ ಎರಡು ಜಡೆಯ ಹೈಸ್ಕೂಲು ಹುಡುಗಿ. ಬಂದದ್ದೇ ನನ್ನ ತಿಂಡಿ ತಟ್ಟೆ ಖಾಲಿ ಮಾಡಿದಳು. ಒಂದು ಚೂರೂ ಹೊರಗೆ ಬರಲಿಲ್ಲ.

"ನಮ್ಮತ್ತಿ ಕಥಿ ಕೇಳಕ್ಕಾ" ಎಂದು ಹುಲಿಗೆಮ್ಮ ಶುರುಮಾಡಿದಳು. "ಪಕ್ಕದ ಮನಿ ಬಾಣಂತಿಗೆ ಹಾಲು ಇಂಗಸಾಕ ಮಲ್ಲಿಗಿ ಕಟ್ಟಾಕತ್ತಿದ್ರು, ಕೂಸು ಕಕ್ಕತೈತಿ ಅಂತ. ನಮ್ಮತ್ತಿ ಉಪ್ಪಿನ ಪಾಕೀಟು ಹಿಡಕೊಂಡು ಓಡಿದಳು ನೋಡು! ಮೊದಲು ಕೂಸು ತೂಗ್ರಿ, ಆಮ್ಯಾಲ ತಾಯಿ ಮ್ಯಾಲ ತಪ್ಪು ಹೊರಿಸ್ರಿ ಅಂತ ಜಗಳ ತೆಗೆದು, ತಾನೇ ಹೂವು ಬಿಚ್ಚಿದಳು. ಬಿಚ್ಚಿ ಆ ಹುಡುಗಿ ತಲಿಗೆ ಮುಡಿಸಿ ಬಂದಳು."

ನನಗೆ ಕಣ್ಣು ತುಂಬಿ ಬಂತು. ಗೌರಿ ಚೀಲದಿಂದ ಬಾಳೆ ಎಲೆಯ ಪೊಟ್ಟಣ ತೆಗೆದಳು. ಒಳಗೆ ಒಂದು ಮೊಳ ಮಲ್ಲಿಗೆ. "ಈರಮ್ಮಜ್ಜಿ ಕಳಿಸ್ಯಾಳ. ಮುಡಿಯಾಕ ಮಾತ್ರ ಅಂತ ಹೇಳು ಅಂದಾಳ" ಎಂದು ನನ್ನ ನರೆತ ತುರುಬಿಗೆ ಮುಡಿಸಿದಳು. ಮಾಲೆಯ ತುದಿ ಎಡ ಭುಜದ ಮೇಲೆ ಬಿತ್ತು.

ಒಳಗಿನಿಂದ ಯಜಮಾನರ ದನಿ ಬಂತು. "ಏನಿದು, ಮನಿ ಎಲ್ಲಾ ಮಲ್ಲಿಗಿ ವಾಸನಿ! ನಮ್ಮ ಮೊಸರವ್ವ ಎಲ್ಲಿ ಹೋದಳು?"